ಹಿಂದಕ್ಕೆಳೆಯುವ ಸ್ಪ್ರಿಂಗು

ನಮ್ಮ ಹಳೆಯ ಕಾರಿನ ಆ್ಯಕ್ಸಿಲರೇಟರ್ ಪೆಡಲ್ಲಿನ ರಬ್ಬರು ಎಡಬದಿಗೆ ಮಾತ್ರ ಸವೆದಿದೆ. ಸವೆಸಿದವರು ನಮ್ಮ ಕಾಕಾ. ಪಾದವನ್ನು ಓರೆಯಾಗಿಟ್ಟು, ಬಿಸಿಬೂದಿಯ ಮೇಲೆ ಹೆಜ್ಜೆಯಿಡುವವರಂತೆ ಅಂಜಂಜುತ್ತ ಒತ್ತುವುದು ಅವರ ರೂಢಿ. ಅವರ ನಂತರ ಗಾಡಿ ನನ್ನದಾಯಿತು. ಸಂಖ ಎಂಬ ಊರಿನಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಅಂಗಡಿಗೆ ರಜೆಯಿದ್ದ ದಿನ ಬಾನೆಟ್ಟಿನ ಕೆಳಗೆ ತಲೆ ಹುದುಗಿಸಿ ನಿಲ್ಲುವುದೇ ನನ್ನ ಸುಖ. ನನ್ನ ಹೆಂಡತಿ ಮಹಾದೇವಿಗೆ ಆ ಸುಖದ ಮೇಲೆ ಅಷ್ಟೇನೂ ಗೌರವವಿಲ್ಲ.

ಕಾಲಿಗೂ ಎಂಜಿನ್ನಿಗೂ ನಡುವೆ ಏನಿದೆಯೆಂದು ನೀವು ಎಂದಾದರೂ ಯೋಚಿಸಿದ್ದೀರಾ, ಗೆಳೆಯರೇ? ನಮ್ಮ ಗಾಡಿಯಲ್ಲಿ ಇರುವುದು ಎರಡು ಕಬ್ಬಿಣದ ಸರಳು, ಅವೆರಡನ್ನು ಕೂಡಿಸುವ ಮೊಣಕೈಯಂಥ ಒಂದು ತುಂಡು. ಕಾಲು ಒತ್ತಿದರೆ ಸರಳು ಸರಿಯುತ್ತದೆ, ಮೊಣಕೈ ಹೊರಳುತ್ತದೆ, ಎಂಜಿನ್ ಗುಟುರು ಹಾಕುತ್ತದೆ. ಕಾಲೆತ್ತಿದಾಗ ಅಷ್ಟನ್ನೂ ಹಿಂದಕ್ಕೆಳೆದು ತರಲು ಕಿರುಬೆರಳಿನಷ್ಟು ಉದ್ದದ ಒಂದು ಸ್ಪ್ರಿಂಗು. ವೇಗದ ಬಗ್ಗೆ ಜಂಬ ಕೊಚ್ಚಿದ್ದೇನೆ. ಆ ಸ್ಪ್ರಿಂಗನ್ನು ಅದು ಮುರಿಯುವವರೆಗೆ ನೆನೆದವನಲ್ಲ.

ಅದು ಮುರಿದದ್ದು ಬೆಳುಂಕಿಯ ಹತ್ತಿರ, ಒಂದು ಇಳಿಜಾರಿನಲ್ಲಿ. ಕುಣಿಕೋಣೂರಿನಲ್ಲಿ ಮಹಾದೇವಿಯ ತಮ್ಮನ ಮಗಳಿಗೆ ಹೆಸರಿಡುವ ಕಾರ್ಯವಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಇವಳೇ. ಇವಳು ತಲುಪದೆ ಕಾರ್ಯ ನಡೆಯುವಂತಿರಲಿಲ್ಲ. ಇಳಿಜಾರಿನ ಬುಡದಲ್ಲಿ ರಸ್ತೆಯ ತುಂಬ ಕುರಿಗಳು ಕಂಡವು. ಕಾಲೆತ್ತಿದೆ. ಗಾಡಿ ನಿಧಾನವಾಗಲಿಲ್ಲ. ಪೆಡಲು ಕೆಳಗೇ ಕಚ್ಚಿಕೊಂಡಿತ್ತು.

“ಯಾಕ ಓಡಸಾಕತ್ತೀರಿ? ಮುಂದ ಕುರಿ ಅದಾವ!” ಎಂದು ಮಹಾದೇವಿ ಕೂಗಿದಳು.

“ನಾ ಓಡಸವಲ್ಲೆ! ನಿಲ್ಲವಲ್ದು ಇದು!”

ಎರಡೂ ಕಾಲಿನಿಂದ ಬ್ರೇಕು ತುಳಿದೆ. ಎಂಜಿನ್ ಒಂದು ಕಡೆಗೆ ಎಳೆಯಿತು, ಬ್ರೇಕು ಇನ್ನೊಂದು ಕಡೆಗೆ. ಸುಟ್ಟ ವಾಸನೆ ಬಂತು. ಕುರಿಗಳ ಹಿಂದೆ ಕೋಲು ಹಿಡಿದ ಮುದುಕಿಯೊಬ್ಬಳು ತಿರುಗಿ ನೋಡಿ, ಓಡಿಹೋಗುವ ಬದಲು ಎರಡೂ ಕೈ ಚಾಚಿ ಕುರಿಗಳಿಗೆ ಅಡ್ಡ ನಿಂತಳು. ಆಗ ಮಹಾದೇವಿಯ ಕೈ ನನ್ನ ಮುಂದೆ ಹಾಯ್ದು ಕೀಲಿ ತಿರುಗಿಸಿತು. ಎಂಜಿನ್ ಸತ್ತಿತು. ನಾನು ಸ್ಟಿಯರಿಂಗನ್ನು ಎಡಕ್ಕೆ ಹೊರಳಿಸಿದೆ. ಗಾಡಿ ಜೋಳದ ಕೂಳೆಯ ಹೊಲಕ್ಕಿಳಿದು, ಹೆಂಟೆಗಳ ಮೇಲೆ ಕುಪ್ಪಳಿಸುತ್ತ, ಬದುವಿಗೆ ಮೂಗು ತಾಗಿಸಿ ನಿಂತಿತು.

ಕೀಲಿ ತಿರುಗಿಸಬೇಕೆಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ನನ್ನ ತಿಳಿವಳಿಕೆಯೆಲ್ಲ ಕಾಲಿನಲ್ಲೇ ಸಿಕ್ಕಿಬಿದ್ದಿತ್ತು. ಭಯವು ಬುದ್ಧಿಯನ್ನು ಕಸಿದುಕೊಳ್ಳುವುದಿಲ್ಲ, ಒಂದೇ ಜಾಗದಲ್ಲಿ ಕಟ್ಟಿಹಾಕುತ್ತದೆ ಎಂದು ಈಗ ಅನ್ನಿಸುತ್ತದೆ.

ಮುದುಕಿ ಒಂದೊಂದು ಕುರಿಯ ಮೈಯನ್ನೂ ಸವರಿ ನೋಡಿದ ಮೇಲೆಯೇ ನಮ್ಮತ್ತ ಬಂದಳು. ಹೆಸರು ಮಾಯವ್ವ. “ಗಬ್ಬದ ಕುರಿ ಅದಾವು ಇದ್ರಾಗ! ಜೀವ ಹೋಗಿದ್ರ ಏನ್ ಮಾಡತಿದ್ರಿ?”

“ತಪ್ಪಾತ ಯವ್ವಾ. ಕುರಿಗೇನೂ ಆಗಿಲ್ಲಲ್ಲಾ?” ಮಹಾದೇವಿ ಕೈಮುಗಿದಳು.

“ಆಗಿಲ್ಲ. ಆದ್ರ ನನ್ನ ಮಗ ಉಳದ ಕುರಿ ಹೊಡಕೊಂಡ ಇದ ಹಾದೀಲೆ ಮುಂದ ಹೋಗ್ಯಾನ. ಗಾಡಿ ಚಲೋ ಆಗೂತನಕ ನಾ ನಿಮ್ಮನ್ನ ಬಿಡೂದಿಲ್ಲ.” ಹಾಗೆಂದು ಬದುವಿನ ಮೇಲೆ ಕೂತೇಬಿಟ್ಟಳು.

ಜತ್ತದ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ, ಸಂಜೆಯವರೆಗೆ ಬರಲಾಗದೆಂದ. ಬಾನೆಟ್ಟು ಎತ್ತಿದೆ. ಸ್ಪ್ರಿಂಗು ಮುರಿದು, ಅದರ ತುಂಡು ಮೊಣಕೈಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಇಕ್ಕಳದಿಂದ ತುಂಡನ್ನು ಕಿತ್ತೆನೇನೋ ಸರಿ, ಆ ಹೊಲದಲ್ಲಿ ಬೇರೆ ಸ್ಪ್ರಿಂಗು ಎಲ್ಲಿಂದ ತರಲಿ? ಅಷ್ಟರಲ್ಲಿ ಮಹಾದೇವಿಗೆ ಅವಳ ತಮ್ಮನ ಫೋನು ಬಂತು: ಎಲ್ಲರೂ ಕಾಯುತ್ತಿದ್ದಾರೆ. ಮಹಾದೇವಿ “ಬಂದ್ವಿ” ಎಂದಷ್ಟೇ ಹೇಳಿ ಇಟ್ಟಳು. ಆಮೇಲೆ ನನ್ನತ್ತ ತಿರುಗಿ, “ನನ್ನ ಸೀಟಿನ್ಯಾಗ ಒಂದ ಸ್ಪ್ರಿಂಗ್ ಯಾವಾಗ್ಲೂ ಚುಚ್ಚತೈತಿ. ಅದ ನಡೀತೈತೇನ ನೋಡ್ರಿ” ಎಂದಳು.

ನಡೆಯಿತು. ಅದರ ಕೊಕ್ಕೆಯನ್ನು ಬಗ್ಗಿಸಿ ಸಿಕ್ಕಿಸಿದೆ. ಗೇರು ಬಿಡಿಸಿ ಎಂಜಿನ್ ಹಚ್ಚಿ, ಮಹಾದೇವಿಯನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ ಪೆಡಲು ಒತ್ತಿಸಿದೆ. ಬಿಟ್ಟಳು. ಸರಳು ಅರ್ಧ ಹಿಂದಕ್ಕೆ ಬಂದು ಮತ್ತೆ ನಿಂತಿತು, ಎಂಜಿನ್ ಚೀರಿತು. “ಬಂದ್ ಮಾಡ!” ಎಂದೆ. ಬದುವಿನಿಂದ ಮಾಯವ್ವ ಎದ್ದು ನಿಂತಳು. ನೋಡಿದರೆ ಮೊಣಕೈಯ ಕೀಲು ಒಣಗಿ, ಧೂಳು ಮೆತ್ತಿಕೊಂಡಿತ್ತು. ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಅದರ ತುದಿಯಿಂದ ಹನಿಹನಿಯಾಗಿ ಎಣ್ಣೆ ಬಿಟ್ಟೆ. ಮಹಾದೇವಿ ಇಳಿದು ಬಂದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೀಲನ್ನು ಬೆರಳಿನಿಂದ ಹಿಂದೆ ಮುಂದೆ ಆಡಿಸಿದಳು. ಮತ್ತೆ ಎಂಜಿನ್ ಹಚ್ಚಿ ಪೆಡಲು ಒತ್ತಿ ಬಿಟ್ಟಾಗ ಎಂಜಿನ್ನಿನ ದನಿ ತಟ್ಟನೆ ಇಳಿಯಿತು.

“ಮತ್ತೊಮ್ಮಿ” ಎಂದಳು ಮಾಯವ್ವ. ಮತ್ತೊಮ್ಮೆ ಆಯಿತು. ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಆಚೆಯ ಹೊಲದಲ್ಲಿ ಕೆಲಸ ಮಾಡುತ್ತಿದ್ದ ತನ್ನ ಸೊಸೆಯನ್ನು ಕೂಗಿ ಕುರಿಗಳನ್ನು ಒಪ್ಪಿಸಿ, ಕೋಲಿನ ಸಮೇತ ಹಿಂದಿನ ಸೀಟಿನಲ್ಲಿ ಕೂತಳು. “ನನ್ನ ಮಗನ್ನ ದಾಟಿದ ಮ್ಯಾಲೆ ಇಳೀತೀನಿ. ನಡೀರಿ.”

ಗಾಡಿಯನ್ನು ಹಿಂದಕ್ಕೆ ಸರಿಸಿ ರಸ್ತೆಗೆ ಹತ್ತಿಸಿ, ಎತ್ತಿನ ಗಾಡಿಯ ವೇಗದಲ್ಲಿ ಹೋದೆವು. ಮಹಾದೇವಿಯ ಕೈ ಕೀಲಿಯ ಮೇಲೇ ಇತ್ತು. ತಿರುವಿನಾಚೆ ಮತ್ತೆ ಕುರಿಗಳು, ಅವುಗಳ ನಡುವೆ ಹೆಗಲಿಗೆ ಕಂಬಳಿ ಹಾಕಿಕೊಂಡ ಗಂಡಸು. ಕಾಲೆತ್ತಿದೆ. ಪೆಡಲು ಅಂಗಾಲನ್ನು ಹಿಂಬಾಲಿಸಿ ಮೇಲೆ ಬಂತು. ಗಾಡಿ ಕುರಿಗಳ ಹಿಂದೆ ಮಾರು ದೂರದಲ್ಲಿ ನಿಂತಿತು. ಮಾಯವ್ವನ ಮಗ ಹಿಂಡನ್ನು ಬದಿಗೆ ಸರಿಸಿ ದಾರಿ ಕೊಟ್ಟ. ದಾಟಿದ ಮೇಲೆ ಮಾಯವ್ವ ಇಳಿದು, ಮಹಾದೇವಿಯ ಗಲ್ಲ ಸವರಿ, ಮಗನತ್ತ ನಡೆದಳು.

ಕುಣಿಕೋಣೂರಿನ ಮನೆಯಲ್ಲಿ ಹೆಂಗಸರು ತೊಟ್ಟಿಲ ಸುತ್ತ ಕಾಯುತ್ತಿದ್ದರು. ಮಹಾದೇವಿ ಕೈ ತೊಳೆದಳು. ಉಗುರಿನ ಕಪ್ಪು ಹೋಗಲಿಲ್ಲ. ಹಾಗೆಯೇ ಹೋಗಿ ಕೂಸಿನ ಕಿವಿಗೆ ಬಾಗಿದಳು. ಬಾಗಿದವಳು ಸುಮ್ಮನಾದಳು. ಅತ್ತೆಗೆ ಹೆಸರೇ ಮರೆತುಹೋಯಿತೆಂದು ಯಾರೋ ನಕ್ಕರು. ಬಾಗಿಲಲ್ಲಿ ನಿಂತ ನನಗೆ ಅವಳ ಬೆನ್ನು ನಡುಗುವುದು ಕಾಣುತ್ತಿತ್ತು. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಎಲ್ಲ ಕ್ಷೇಮವಾಗಿ ಮುಗಿದ ಮೇಲೆ ಬರುವ ಹೆದರಿಕೆಗೆ ಓಡಿಹೋಗಲು ಯಾವ ದಾರಿಯೂ ಇರುವುದಿಲ್ಲ. ಅವಳು ಉಸಿರೆಳೆದುಕೊಂಡಳು. ಕಿವಿಯಲ್ಲಿ ಪಿಸುಗುಡಬೇಕಾದ ಹೆಸರನ್ನು ಅಂಗಳದವರೆಗೂ ಕೇಳುವಂತೆ ಕೂಗಿದಳು:

“ಗೌರೀ!”

ಕೂಸು ಬೆಚ್ಚಿಬಿದ್ದು, ಕಣ್ಣು ತೆರೆದು, ಅವಳನ್ನೇ ನೋಡಿತು.