ಅಜ್ಜಿ ನೋಡಿದ ಬಂಗಾಳಿ ಸಿನಿಮಾ

ಕೊರೋನಾ ಬಂದು ವಿಮಾನಗಳೆಲ್ಲ ನಿಂತುಹೋಗಿದ್ದ ಆ ಬೇಸಿಗೆಯಲ್ಲಿ ನನಗೆ ಹನ್ನೆರಡು ವರ್ಷ. ಮೈಸೂರಿನಿಂದ ಅಮೆರಿಕದ ಆಲ್ಡಿ ಎಂಬ ಊರಿಗೆ ಬಂದು ಮೂರು ವರ್ಷವಾಗಿತ್ತು. ನಮ್ಮನ್ನು ನೋಡಲು ಬಂದಿದ್ದ ಅಜ್ಜಿ ವಾಪಸು ಹೋಗಲಾಗದೆ ನಮ್ಮಲ್ಲೇ ಉಳಿದಿದ್ದರು. ಜೂನಿನಲ್ಲಿ ಊರಿನಲ್ಲಿದ್ದ ಅವರ ತಂಗಿ ತೀರಿಕೊಂಡರು. ಕೊನೆಯ ಸಲ ಆ ಮುಖವನ್ನು ಫೋನಿನಲ್ಲೇ ನೋಡಿದ ಅಜ್ಜಿ ಆಮೇಲೆ ಕೋಣೆ ಬಿಟ್ಟು ಬರುವುದನ್ನೇ ನಿಲ್ಲಿಸಿದರು. ಊಟದ ತಟ್ಟೆ ಅರ್ಧಕ್ಕರ್ಧ ಹಾಗೇ ವಾಪಸಾಗುತ್ತಿತ್ತು.

ಪಕ್ಕದ ಮನೆಯ ಬಂಗಾಳಿ ಹುಡುಗಿ ಮಿಠಿ ನನ್ನ ಓರಗೆಯವಳು. ಅವಳ ಅಜ್ಜಿಯೂ ಕೋಲ್ಕತ್ತಕ್ಕೆ ಹೋಗಲಾಗದೆ ಸಿಕ್ಕಿಕೊಂಡಿದ್ದರು. ಅವರನ್ನು ಅವಳಂತೆ ನಾನೂ ಠಾಕುಮಾ ಎನ್ನುತ್ತಿದ್ದೆ. ಜುಲೈನ ಒಂದು ಮಧ್ಯಾಹ್ನ ಅವರು ಗ್ಯಾರೇಜಿನಲ್ಲಿ ಟಿವಿ ಇಡಿಸಿ, ದೂರ ದೂರ ಕುರ್ಚಿ ಹಾಕಿಸಿ ಹೇಳಿಕಳಿಸಿದರು. ತಾವು ಶಾಲೆಯಲ್ಲಿ ಓದಿದ್ದ ಹಳೆಯ ಕಥೆಯೊಂದು ಸಿನಿಮಾ ಆಗಿದೆ, ಅಜ್ಜಿಯನ್ನು ಕರೆದುಕೊಂಡೇ ಬರಬೇಕು ಎಂದು.

"ನಂಗೆ ಬಂಗಾಳಿ ಎಲ್ಲಿ ಬರತ್ತೆ ಪುಟ್ಟಿ? ನೀನ್ ಹೋಗ್ಬಾ," ಎಂದರು ಅಜ್ಜಿ.

"ನಾನು ಹೇಳ್ತಾ ಹೋಗ್ತೀನಿ. ಬೋರ್ ಆದ್ರೆ ಎದ್ದು ಬಂದ್ಬಿಡೋಣ."

ಅವರು ಒಪ್ಪುವವರೆಗೂ ಮಂಚದ ತುದಿಯಲ್ಲಿ ಕೂತೇ ಇದ್ದೆ.

ಸಿನಿಮಾದಲ್ಲಿ, ಆಕಾಶ ಬೇಸರವಾಗಿ ಕೆಳಗಿಳಿದ ಮೋಡವೊಂದು ಸಿಡುಕು ಮುದುಕನೊಬ್ಬನ ಮಹಡಿಯಲ್ಲಿ ಕೋಣೆ ಹಿಡಿಯುತ್ತದೆ. ಅದಕ್ಕೆ ಸಿಟ್ಟು ಬಂದಾಗಲೆಲ್ಲ ಮನೆಯೊಳಗೇ ಮಳೆ. ಠಾಕುಮಾ ಬಂಗಾಳಿಯಲ್ಲಿ ವಿವರಿಸುವರು, ಮಿಠಿ ಅದನ್ನು ಇಂಗ್ಲಿಷಿಗೆ ತರುವಳು, ನಾನು ಮಾಸ್ಕಿನೊಳಗಿಂದ ಕನ್ನಡದಲ್ಲಿ ಕೂಗಿ ಹೇಳುವೆ. ಮಿಠಿಗೆ ಬಂಗಾಳಿ ಅರ್ಧಂಬರ್ಧ. ತಿಳಿಯದ ಕಡೆ "ಹೀ ಈಸ್ ವೆರಿ ಮ್ಯಾಡ್" ಎಂದು ಮುಗಿಸಿಬಿಡುತ್ತಿದ್ದಳು.

ಮುದುಕ ಊಟದ ತಟ್ಟೆಗೆ ಕೊಡೆ ಹಿಡಿದು ಕೂತು ಒಂದೇ ಉಸಿರಿಗೆ ಏನೇನೋ ಬೈದ. ಏನೂ ತಿಳಿಯದೆ ಮಿಠಿ ನನ್ನ ಮುಖ ನೋಡಿದಳು.

"ಏನಂತೆ?" ಎಂದರು ಅಜ್ಜಿ.

"ಸಾರು ನೀರಾಗ್ಹೋಯ್ತಂತೆ ಅಜ್ಜಿ."

ಮೊದಲು ಅವರ ಭುಜ ಅಲುಗಿತು. ಆಮೇಲೆ ಸೆರಗು ಕಣ್ಣಿಗೆ ಹೋಯಿತು. ಅಜ್ಜಿ ನಗುತ್ತಿದ್ದರು. "ನಮ್ ರುಕ್ಕು ಇದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗೋಳು," ಎಂದರು. ತಂಗಿ ಹೋದ ಮೇಲೆ ಆ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಅಂದೇ ಮೊದಲು.

ನಾನು ಅದನ್ನು ಮಿಠಿಗೆ ಹೇಳಿದೆ, ಅವಳು ಠಾಕುಮಾಗೆ. ಠಾಕುಮಾ ಟಿವಿ ನಿಲ್ಲಿಸಿಬಿಟ್ಟರು. ರುಕ್ಕು ಹೇಗಿದ್ದರು ಎಂಬ ಅವರ ಪ್ರಶ್ನೆ ಮಿಠಿಯ ಮೂಲಕ ನನಗೆ ಬಂತು. ಟೂರಿಂಗ್ ಟಾಕೀಸಿನಲ್ಲಿ ನಕ್ಕು ನಕ್ಕು ಬೆಂಚಿನಿಂದ ಹಿಂದಕ್ಕೆ ಬಿದ್ದ ರುಕ್ಕುವಿನ ಕಥೆ ಅದೇ ದಾರಿಯಲ್ಲಿ ಹೋಯಿತು. ಆ ಕಥೆಯನ್ನು ಮಾತ್ರ ನಾವಿಬ್ಬರೂ ಒಂದು ಮಾತೂ ಬಿಡದೆ ದಾಟಿಸಿದೆವು.

ಆಮೇಲೆ ಠಾಕುಮಾ ಕಲಸಿದ ಮಂಡಕ್ಕಿ ಬಂತು. ಸಾಸಿವೆ ಎಣ್ಣೆಯ ಘಾಟು ಮೂಗಿಗೇರಿತು.

"ಇದು ನಮ್ ಚುರುಮುರೀನೇ, ಎಣ್ಣೆ ಒಂದು ಬೇರೆ," ಎಂದು ಅಜ್ಜಿ ಎರಡನೇ ಸಲ ಹಾಕಿಸಿಕೊಂಡರು.

ಸಿನಿಮಾ ಮುಗಿಯಲು ನಾಲ್ಕು ಮಧ್ಯಾಹ್ನ ಹಿಡಿಯಿತು. ಎರಡನೇ ದಿನದಿಂದ ನನಗಿಂತ ಮೊದಲು ಅಜ್ಜಿಯೇ ಚಪ್ಪಲಿ ಮೆಟ್ಟುತ್ತಿದ್ದರು.

ವಿಮಾನಗಳು ಶುರುವಾದ ಮೇಲೆ ಇಬ್ಬರು ಅಜ್ಜಿಯರೂ ತಮ್ಮ ತಮ್ಮ ಊರು ಸೇರಿದರು. ಮಿಠಿಯ ಮನೆಯವರು ಅಟ್ಲಾಂಟಾಗೆ ಹೋದರು. ನಾನೀಗ ಕಾಲೇಜಿನಲ್ಲಿದ್ದೇನೆ, ಯಾವ ಭಾಷೆಯ ಸಿನಿಮಾ ಆದರೂ ನೋಡುತ್ತೇನೆ, ಖುಷಿಯಾಗಿಯೇ ನೋಡುತ್ತೇನೆ. ತೆರೆಯ ಕೆಳಗೆ ಪ್ರತಿ ಮಾತಿನ ಅರ್ಥವೂ ಬರುತ್ತದೆ. ಯಾರನ್ನೂ ಏನೂ ಕೇಳಬೇಕಾಗಿಲ್ಲ. ನನ್ನನ್ನು ಕೇಳುವವರೂ ಪಕ್ಕದಲ್ಲಿಲ್ಲ.