ಮಲಾಡ್‌ನ ಮರದ ಮೆಟ್ಟಿಲು

ಮಲಾಡ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಹಳೆಯ ಬಂಗಲೆಯೊಂದನ್ನು ಬಿಚ್ಚುತ್ತಿದ್ದರು. ಗೋಡೆಗಳೆಲ್ಲ ಹೋಗಿ ಸಾಗುವಾನಿಯ ಕಂಬ, ತೊಲೆ, ಮೆಟ್ಟಿಲು ಮಾತ್ರ ಉಳಿದಿದ್ದವು. ಎಲ್ಲಿಯೂ ಕಬ್ಬಿಣದ ಮೊಳೆಯಿಲ್ಲ; ಮರಕ್ಕೆ ಮರದ್ದೇ ಬೆಣೆ. ಮೆಟ್ಟಿಲ ಎದುರು ನೋಡುತ್ತಾ ನಿಂತಿದ್ದ ನನ್ನ ಪಕ್ಕದಲ್ಲೇ ಕೆಲಸಗಾರರು ಚಹಾ ಕುಡಿಯುತ್ತಿದ್ದರು. ಬಾಗಲಕೋಟೆಯ ಮೇಸ್ತ್ರಿ ಯಲ್ಲಪ್ಪ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ: "ಮ್ಯಾಲೆ ಯಾರರೆ ಇದ್ರ ಇಳದ್ ಬರ್ರಿ, ಮೆಟ್ಟಲಾ ಬಿಚ್ಚತೀವಿ!"

"ಎಲ್ಲರೂ ಇಲ್ಲೇ ಇದ್ದಾರಲ್ಲ?" ಎಂದೆ.

"ನಮ್ಮವ್ರು ಇಲ್ಲೇ ಅದಾರ್ರಿ. ಮನಿಯವ್ರಿಗೂ ಹೇಳಬೇಕಲ್ರಿ."

ಮನೆ ಖಾಲಿಯಾಗಿ ವರ್ಷಗಳೇ ಆಗಿದ್ದವು.

ತುದಿಯ ಮೆಟ್ಟಿಲು ಕಿರುಗುಟ್ಟಿತು. ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು. ಬೆಣೆ ಸಡಿಲಿಸಿದರೆ ಮರ ಹಾಗೆ ಸದ್ದು ಮಾಡುತ್ತದೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಯಲ್ಲಪ್ಪ ಇನ್ನೂ ಒಂದು ಬೆಣೆಯನ್ನೂ ಮುಟ್ಟಿರಲಿಲ್ಲ. ಕೊನೆಯ ಮೆಟ್ಟಿಲೂ ಕಿರುಗುಟ್ಟಿದಾಗ ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.