ಅಲಗು ಆರಿಸುವುದು ಜಿಂಕೆಯ ಸಲುವಾಗಿ

ಅವರ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಗೀರುಗಳಿದ್ದವು. ಒಂದೆರಡಲ್ಲ, ವರ್ಷಗಟ್ಟಲೆ ಸೊಪ್ಪು ಹೆಚ್ಚಿದ ಹಲಗೆಯ ಮೇಲೆ ಇರುತ್ತವಲ್ಲ, ಅಷ್ಟು. ಮಸೆದ ಪ್ರತಿಯೊಂದು ಅಲಗನ್ನೂ ಆ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತಿದ್ದರು. ಜಾರಿದರೆ ಮೊಂಡು, ಕಚ್ಚಿಕೊಂಡರೆ ಹರಿತ. ಮೊದಲ ಸಲ ಆ ಉಗುರು ನೋಡಿದಾಗ ಪಾಪ, ಏನೋ ರೋಗವಿರಬೇಕು ಅಂದುಕೊಂಡು, ಮನೆಯಿಂದ ಅರಿಶಿನ ತಂದುಕೊಡುವ ವಿಚಾರ ಮಾಡಿದ್ದೆ.

ಅವರು ಬಿಲ್ಲುಬಾಣದ ಅಂಗಡಿಯವರು. ನಾನೋ, ಮೊಟ್ಟೆ ಒಡೆದ ಬಾಣಲೆಯಲ್ಲಿ ಒಗ್ಗರಣೆ ಹಾಕದವಳು. ನಮ್ಮಿಬ್ಬರಿಗೂ ಗಂಟು ಬಿದ್ದದ್ದು ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ, ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳು ಕೆಡುತ್ತವೆ ಎಂದು ವೈಟುಕೆಯ ಹೆಸರು ಹೇಳಿ ಕಂಪ್ಯೂಟರ್ ಬಲ್ಲವರನ್ನೆಲ್ಲ ವಿಮಾನ ಹತ್ತಿಸುತ್ತಿದ್ದ ಕಾಲದಲ್ಲಿ. ಧಾರವಾಡದ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನಮ್ಮ ಯಜಮಾನರು ನಲವತ್ತಾರನೆಯ ವಯಸ್ಸಿನಲ್ಲಿ ವಿಮಾನ ಹತ್ತಿದರು. ಮಗಳನ್ನು ಪಿಯುಸಿ ಮುಗಿಯುವವರೆಗೆ ತಂಗಿಯ ಹತ್ತಿರ ಬಿಟ್ಟು ನಾನೂ ಹಿಂದೆ ಹತ್ತಿದೆ.

ಯಜಮಾನರು ಬೆಳಿಗ್ಗೆ ಆರಕ್ಕೆ ನ್ಯೂಯಾರ್ಕಿನ ಬಸ್ಸಿಗೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ನನ್ನ ವೀಸಾದ ಮೇಲೆ ಕೆಲಸ ಮಾಡುವಂತಿಲ್ಲ. ಕಾರು ಬಿಡಲು ಬರುವುದಿಲ್ಲ. ಮೂರನೆಯ ಮಹಡಿಯ ನಮ್ಮ ಕಿಟಕಿ ನಾಲ್ಕು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಅದರೊಳಗೆ ಕೈ ತೂರಿಸಿ ಇವತ್ತು ಗಾಳಿ ಹೇಗಿದೆ ಎಂದು ನೋಡುತ್ತಿದ್ದೆ. ಕಾಲ್ನಡಿಗೆಯಲ್ಲಿ ಹೋಗೋಣವೆಂದರೆ ಫುಟ್‌ಪಾತು ನಮ್ಮ ಕಾಂಪ್ಲೆಕ್ಸಿನ ಗೇಟಿನ ಹೊರಗೆ ಇಪ್ಪತ್ತು ಹೆಜ್ಜೆಗೆ ತನ್ನಷ್ಟಕ್ಕೆ ಮುಗಿದುಹೋಗುತ್ತಿತ್ತು. ಆಮೇಲೆ ಆರು ಸಾಲಿನ ಹೈವೇ. ನನ್ನ ಕಾಲಿಗೆ ಸಿಗುತ್ತಿದ್ದ ಅಮೆರಿಕ ಎಂದರೆ ಹಿಂದಿನ ಒಂದು ಸಾಲು ಅಂಗಡಿಗಳು: ಪಿಜ್ಜಾ, ಬಟ್ಟೆ ಒಗೆಯುವ ಲಾಂಡ್ರಿ, ಅದಕ್ಕೆ ಅಂಟಿಕೊಂಡು ಬಾಣದ ಅಂಗಡಿ.

ಒಂದು ದಿನ ಬಟ್ಟೆಯನ್ನು ಮಶೀನಿಗೆ ಹಾಕಿ, ಅದು ತಿರುಗುವುದನ್ನು ನೋಡಿ ನೋಡಿ ಬೇಸತ್ತು ಹೊರಗೆ ನಿಂತಿದ್ದೆ. ಪಕ್ಕದ ಅಂಗಡಿಯ ಗಾಜಿನೊಳಗೆ ಒಬ್ಬ ಮುದುಕರು ಬಾಣದ ತುದಿಯನ್ನು ಗಾಜು ಹಾಸಿದ ಮೇಜಿನ ಮೇಲೆ ಊರಿ, ಹಿಂಬದಿಯನ್ನು ಎರಡು ಬೆರಳಿನಿಂದ ಗಿರ್ರನೆ ತಿರುಗಿಸುತ್ತಿದ್ದರು. ಥೇಟ್ ತಕಲಿ! ಚಿಕ್ಕವಳಿದ್ದಾಗ ನಮ್ಮಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜನಿವಾರದ ನೂಲು ತೆಗೆಸುತ್ತಿದ್ದಳು. ತಕಲಿ ಕೂದಲೆಳೆಯಷ್ಟು ಸೊಟ್ಟಗಿದ್ದರೂ ನೂಲು ಕಡಿಯುತ್ತದೆ, ನೂಲು ಕಡಿದರೆ ಅಜ್ಜಿ ಕಿವಿ ಹಿಂಡುತ್ತಾಳೆ. ಹಾಗಾಗಿ ತಿರುಗುವ ವಸ್ತು ನಡುಗುತ್ತಿದೆಯೋ ಇಲ್ಲವೋ ಎಂಬುದು ನನಗೆ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ. ಆ ಮುದುಕರ ಬಾಣ ನಡುಗುತ್ತಿತ್ತು. ಅವರು ಮಾತ್ರ ಸಮಾಧಾನದಿಂದ ಅದನ್ನು ತೆಗೆದು ‘ಸರಿ ಇರುವ’ ಬಾಣಗಳ ಜೊತೆ ಇಟ್ಟರು.

ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ, ಬಂದಷ್ಟು ಇಂಗ್ಲಿಷಿನಲ್ಲಿ, “ಸರ್, ಶೇಕಿಂಗ್” ಅಂದೆ. ಅವರು ನನ್ನ ಸೀರೆ, ಅದರ ಮೇಲಿನ ದಪ್ಪ ಜಾಕೆಟ್ಟು, ಕೆಳಗಿನ ಕ್ಯಾನ್ವಾಸ್ ಬೂಟು ಎಲ್ಲ ನೋಡಿ, ಮಾತಾಡದೆ ಬಾಣವನ್ನು ನನ್ನ ಕೈಗೆ ಕೊಟ್ಟರು. ನಾನು ತಿರುಗಿಸಿ ತೋರಿಸಿದೆ. ಅವರು ಬಗ್ಗಿ, ಮೂಗು ಮೇಜಿಗೆ ತಾಗುವಷ್ಟು ಹತ್ತಿರದಿಂದ ನೋಡಿದರು. ಅವರಿಗೆ ಕಾಣುತ್ತಿರಲಿಲ್ಲ. ಆವತ್ತೇ ನನಗೆ ತಿಳಿಯಿತು. ನನಗೆ ತಿಳಿದದ್ದು ಅವರಿಗೂ ತಿಳಿಯಿತು.

ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಆದರೆ ಇಷ್ಟು ವರ್ಷವಾದ ಮೇಲೆ ನನ್ನ ನೆನಪಿನಲ್ಲಿ ಅವರು ಧಾರವಾಡದ ಕನ್ನಡವನ್ನೇ ಆಡುತ್ತಾರೆ, ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ ನನ್ನನ್ನು ‘ಬಾಯಾರ’ ಎಂದೇ ಕರೆಯುತ್ತಾರೆ. ಹಾಗೆಯೇ ಬರೆಯುತ್ತೇನೆ. ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವವಳಿಗೆ ಇಷ್ಟು ಸಲಿಗೆ ಇರಲಿ.

ಆಗ ಪೆನ್ಸಿಲಿಗಿಂತ ತೆಳುವಾದ ಕಾರ್ಬನ್ ಬಾಣಗಳ ಮೇಲೆ ಬೇಟೆಯವರಿಗೆ ಹುಚ್ಚು ಹಿಡಿದಿತ್ತು. ತೆಳುವಾದ್ದರಿಂದ ಗಾಳಿ ತಳ್ಳುವುದು ಕಡಿಮೆ, ಒಳಗೆ ಹೋಗುವುದು ಹೆಚ್ಚು. ತೊಂದರೆ ಇರುವುದು ತುದಿಯಲ್ಲಿ. ಅಲಗಿನ ತಿರುಪು ಒಳಗೆ ಕೂರಲು ಆ ಕಡ್ಡಿಯಲ್ಲಿ ಜಾಗವಿಲ್ಲ. ಹೊರಗಿನಿಂದ ಒಂದು ಲೋಹದ ಟೋಪಿ ಅಂಟಿಸಿ, ಅದಕ್ಕೆ ಅಲಗು ತಿರುಗಿಸಬೇಕು. ಟೋಪಿ ಒಂದಿಷ್ಟು ಸೊಟ್ಟಗೆ ಕೂತರೂ ಅಲಗು ತಲೆ ಆಡಿಸುತ್ತದೆ. ಅಲಗು ಅಗಲವಾಗಿದ್ದರಂತೂ ಮುಗಿಯಿತು, ಅದು ರೆಕ್ಕೆಯಾಗಿ ಬಾಣವನ್ನು ತನ್ನ ಮನಸ್ಸು ಬಂದ ಕಡೆ ಎಳೆದೊಯ್ಯುತ್ತದೆ. ಹಾಗಾಗಿ ತೆಳು ಬಾಣಕ್ಕೆ ಗಿಡ್ಡನೆಯ, ಕಿರಿದಾದ, ಮಡಚದ ಅಲಗು ಎಂಬುದು ಅವರ ಕಾನೂನು. ಗಿರಾಕಿಗಳು ಕೇಳುತ್ತಿದ್ದದ್ದು ಮಾತ್ರ ಪತ್ರಿಕೆಯ ಚಿತ್ರದಲ್ಲಿದ್ದ ಅಗಲವಾದದ್ದು, ತಾಗಿದ ಮೇಲೆ ಪಟ್ಟನೆ ಬಿಚ್ಚಿಕೊಳ್ಳುವಂಥದ್ದು. ಅವನ್ನು ಅವರು ಕೆಳಗಿನ ಡ್ರಾಯರಿನಲ್ಲಿ ಬಚ್ಚಿಡುತ್ತಿದ್ದರು.

ಬಂದವರಿಗೆ ಮೂರು ಪ್ರಶ್ನೆ. ನಿಮ್ಮ ಬಿಲ್ಲು ಎಷ್ಟು ಬಿಗಿ? ಬಾಣ ಎಷ್ಟು ಭಾರ? ಎಷ್ಟು ದೂರದಿಂದ ಹೊಡೀತೀರಿ? ಮೂರನೆಯದಕ್ಕೆ ಮೂವತ್ತು ಗಜಕ್ಕಿಂತ ಹೆಚ್ಚು ಹೇಳಿದವರ ಕೈಯಿಂದ ಅಲಗನ್ನು ಮೆತ್ತಗೆ ಕಸಿದು ಪೆಟ್ಟಿಗೆಯಲ್ಲಿ ಇಟ್ಟುಬಿಡುವರು. ಯಾರಾದರೂ ಮುಖ ಊದಿಸಿಕೊಂಡರೆ ಅವರದು ಒಂದೇ ಮಾತು: “ಅಲಗು ಆರಿಸೂದು ಜಿಂಕಿ ಸಲುವಾಗಿ. ನಿನ್ನ ಸಲುವಾಗಿ ಅಲ್ಲ.”

ಇಂಥ ಮನುಷ್ಯರಿಗೆ ಕಣ್ಣಿನ ನಟ್ಟನಡುವೆ ಮಂಜು ಕವಿಯುವ ರೋಗ. ವಾಸಿಯಾಗುವಂಥದ್ದಲ್ಲ. ಗಿರಾಕಿಗಳಿಗೆ ತಿಳಿದರೆ ಹೈವೇ ಆಚೆಯ ದೊಡ್ಡ ಅಂಗಡಿಗೆ ಹೋಗುತ್ತಾರೆ ಎಂದು ಮುಚ್ಚಿಟ್ಟಿದ್ದರು. ಅಂಟು ಹಾಕುವುದು, ಮಸೆಯುವುದು ಕೈ ಅಭ್ಯಾಸದಲ್ಲಿ ಆಗುತ್ತಿತ್ತು. ನಡುಕ ಹಿಡಿಯುವುದು ಆಗುತ್ತಿರಲಿಲ್ಲ. ಹೀಗಾಗಿ ಅವರು ಬೆಳಿಗ್ಗೆಯಿಂದ ಅಂಟಿಸಿದ್ದನ್ನು ನಾನು ದಿನಾ ಮಧ್ಯಾಹ್ನ ಹೋಗಿ ತಿರುಗಿಸಿ ನೋಡುವುದು ಶುರುವಾಯಿತು. ನಾನು ಮಾಂಸ ಮುಟ್ಟುವವಳಲ್ಲ ಎಂದು ಮೊದಲೇ ಹೇಳಿದೆ. “ನಾ ತಿನ್ರಿ ಅಂದೆನೇನ್ರಿ ಬಾಯಾರ?” ಅಂದರು.

ಯಜಮಾನರಿಗೆ ಹೇಳಿದಾಗ ಅವರು ಉಣ್ಣುವುದನ್ನು ನಿಲ್ಲಿಸಿಬಿಟ್ಟರು.

“ಹುಚ್ಚು ಹಿಡದದ ಏನ್ ನಿನಗ? ಕೆಲಸ ಮಾಡೂದು ಗೊತ್ತಾದ್ರ ಇಬ್ಬರನ್ನೂ ಊರಿಗೆ ಅಟ್ತಾರ.”

“ಪಗಾರ ತಗೊಳ್ಳೂದಿಲ್ರೀ.”

“ಪಗಾರ ತಗೊಳ್ಳಲಿಲ್ಲ ಅಂದ್ರ ಕೆಲಸ ಅಲ್ಲೇನ್ ಅದು?”

“ನಿಮ್ಮ ಮನ್ಯಾಗ ಇಪ್ಪತ್ತು ವರ್ಷ ಆತು. ನೀವ ಹೇಳ್ರಿ.”

ಅವರು ಮತ್ತೆ ಉಣ್ಣತೊಡಗಿದರು. ಆದರೆ ಜೀವಹಿಂಸೆಯ ಪಾಪ ನಿನಗೂ ಬರುತ್ತದೆ ಎಂದು ಒಂದು ಮಾತು ಸೇರಿಸಿದ್ದು ನನ್ನೊಳಗೆ ಮುಳ್ಳಿನಂತೆ ಕೂತಿತು.

ಅಕ್ಟೋಬರಿನಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಕಸದ ತೊಟ್ಟಿಯ ಹತ್ತಿರ ಒಂದು ಹೆಣ್ಣು ಜಿಂಕೆ ಬರಲು ಶುರುವಾಯಿತು. ಒಂದು ಕಡೆ ಬೇಲಿ, ಇನ್ನೊಂದು ಕಡೆ ಹೈವೇ. ಅದೂ ನನ್ನಂತೆಯೇ ಸಿಕ್ಕಿಹಾಕಿಕೊಂಡಿದೆ ಎನಿಸಿತು. ಕ್ಯಾರೆಟ್ ಸಿಪ್ಪೆ, ಮೂಲಂಗಿ ಸೊಪ್ಪು ಹಾಕುತ್ತಿದ್ದೆ. ಅದೇ ವಾರ ಮನೆಗಳ ಛಾವಣಿ ಹಾಕುವ ಕೆಲಸದವನೊಬ್ಬ, ಅಂಗಡಿಯ ಹಳೆಯ ಗಿರಾಕಿ, ಆರು ತೆಳು ಬಾಣಗಳಿಗೆ ಅಲಗು ಕೂರಿಸಲು ಕೊಟ್ಟು ಹೋಗಿದ್ದ. ಬಾಗಿಲಿನಲ್ಲಿ ಹಿಡಿಸಲಾರದಂಥ ಆಳು. ಐದು ಬಾಣ ದೀಪದ ಕುಡಿಯ ಹಾಗೆ ನಿಂತು ತಿರುಗಿದವು. ಆರನೆಯದು ನಡುಗಿತು.

ನನಗೆ ಆ ಜಿಂಕೆಯ ಕಣ್ಣು ನೆನಪಾಯಿತು. ಈ ಬಾಣ ಸೊಟ್ಟಗೆ ಹೋಗಲಿ, ಗುರಿ ತಪ್ಪಲಿ, ಒಂದು ಜೀವವಾದರೂ ಉಳಿಯಲಿ. ಯಾರಿಗೂ ತಿಳಿಯದಂತೆ ಒಂದಿಷ್ಟು ಪುಣ್ಯ.

“ಇದು ಹೆಂಗದ ಬಾಯಾರ?” ಎಂದು ಅವರು ಕೇಳಿದರು.

“ಓಕೆ” ಅಂದೆ.

ಅವರು ಒಂದು ಗಳಿಗೆ ನನ್ನ ಕಡೆಗೇ ಮುಖ ಮಾಡಿ ನಿಂತು, ಆಮೇಲೆ ಬಾಣವನ್ನು ಉಳಿದವುಗಳ ಜೊತೆ ಕಟ್ಟಿದರು.

ಮುಂದಿನ ಸೋಮವಾರ ಆ ಛಾವಣಿಯವ ಬಂದ. ಕೂಗಾಡಲಿಲ್ಲ. ಮುರಿದ ಬಾಣವನ್ನು ಮೇಜಿನ ಮೇಲಿಟ್ಟು ಬೆಂಚಿನ ಮೇಲೆ ಕುಳಿತ. ಹದಿನೆಂಟು ಗಜದಿಂದ ಬಿಟ್ಟ ಬಾಣವಂತೆ. ಎದೆಗೆ ತಾಗಬೇಕಾದದ್ದು ಹೊಟ್ಟೆಗೆ ತಾಗಿತು. ಜಿಂಕೆ ಓಡಿತು. ಎರಡು ದಿನ ರಜೆ ಹಾಕಿ, ರಕ್ತದ ಹನಿ ಹಿಡಿದು ಹುಡುಕಿದ್ದಾನೆ. ಸಿಕ್ಕಾಗ ಅದು ಒಂದು ಹಳ್ಳದ ಕೆಸರಿನಲ್ಲಿ ಮಲಗಿತ್ತು, ಇನ್ನೂ ಜೀವವಿತ್ತು. ಇಷ್ಟು ಹೇಳಿ ಆ ದೊಡ್ಡ ಆಳು ತನ್ನ ಟೊಪ್ಪಿಗೆಯನ್ನು ಕೈಯಲ್ಲಿ ಹಿಂಡತೊಡಗಿದ. ಅಂಗಡಿಯವರು ಬಾಣವನ್ನು ತಡವಿ ನೋಡಿ, “ಇದು ನನ್ನ ತಪ್ಪು” ಅಂದರು. ಅಷ್ಟೇ. ಆತ ಎದ್ದುಹೋದ. ನಾನು ಲಾಂಡ್ರಿಯಲ್ಲಿ ಬಟ್ಟೆ ಇದೆ ಎಂದು ಸುಳ್ಳು ಹೇಳಿ ಮನೆಗೆ ಓಡಿದೆ.

ಮೂರು ದಿನ ಹೊರಗೆ ಬರಲಿಲ್ಲ. ಇಷ್ಟು ದಿನ ಕಿಟಕಿ ತೆರೆಯುವುದಿಲ್ಲ, ಫುಟ್‌ಪಾತಿಲ್ಲ ಎಂದು ಗೊಣಗುತ್ತಿದ್ದವಳು ಈಗ ನಾನೇ ಒಳಗಿನಿಂದ ಚಿಲಕ ಹಾಕಿಕೊಂಡು ಕುಳಿತಿದ್ದೆ. ಬಾಣ ಸೊಟ್ಟಗೆ ಹೋದರೆ ಜಿಂಕೆ ಬದುಕುತ್ತದೆ ಎಂದುಕೊಂಡಿದ್ದೆ. ಸೊಟ್ಟ ಬಾಣ ಜಿಂಕೆಯನ್ನು ಎರಡು ದಿನ ಕೊಲ್ಲುತ್ತದೆ ಎಂಬುದು, ಅಷ್ಟು ಸಲ ಅವರ ಮಾತು ಕೇಳಿಯೂ, ನನ್ನ ತಲೆಗೆ ಹೋಗಿರಲಿಲ್ಲ. ಕಸದ ತೊಟ್ಟಿಯ ಹತ್ತಿರದ ಜಿಂಕೆ ದಿನಾ ಬರುತ್ತಿತ್ತು. ಸಿಪ್ಪೆ ಹಾಕಲು ನನಗೆ ಮುಖವಿರಲಿಲ್ಲ.

ನಾಲ್ಕನೆಯ ದಿನ ಹೋದೆ. ಅವರು ಒಬ್ಬರೇ ಇದ್ದರು. ನಡುಗಿದ್ದು ನನಗೆ ಗೊತ್ತಿತ್ತು, ಬೇಕೆಂದೇ ಓಕೆ ಅಂದೆ ಎಂದು ಹೇಳಿದೆ. ಇಂಗ್ಲಿಷು ಎಷ್ಟು ಮುರಿದಿತ್ತೋ ನಾನೂ ಅಷ್ಟೇ ಮುರಿದಿದ್ದೆ. ಅವರು ಮಸೆಯುತ್ತಿದ್ದ ಅಲಗನ್ನು ಕೆಳಗಿಟ್ಟರು.

“ನನಗ ಗೊತ್ತಿತ್ತು. ಗಾಜಿನ ಮ್ಯಾಲೆ ತಿರುಗುವಾಗ ಅದರ ಸಪ್ಪಳ ಬ್ಯಾರೆ ಬಂತು. ನೀವು ಓಕೆ ಅಂದ್ರಿ. ನನ್ನ ಕಿವಿಗಿಂತ ನಿಮ್ಮ ಬೆರಳು ಖರೆ ಅಂತ ತಿಳಕೊಂಡೆ.” ಕೈ ಒರೆಸಿಕೊಂಡು, “ಕಣ್ಣಿಲ್ಲದವ ಕಣ್ಣಿದ್ದವರಂಗ ಅಂಗಡಿ ನಡಸಿದ್ದು ನನ್ನ ಸುಳ್ಳು. ನಿಮ್ಮದು ಆಮ್ಯಾಲಿಂದು” ಅಂದರು.

ಕ್ಷಮಿಸಿದೆ ಎಂದು ಹೇಳಲಿಲ್ಲ. ನಾಳೆಯಿಂದ ಬರಬೇಡಿ ಎಂದೂ ಹೇಳಲಿಲ್ಲ. ಫೋನ್ ಎತ್ತಿ ಆ ಛಾವಣಿಯವನನ್ನು ಕರೆಸಿದರು. ಉಳಿದ ಐದು ಬಾಣ ತರಲು ಹೇಳಿದರು. ಆತ ಬಂದ ಮೇಲೆ ತಮಗೆ ಕಣ್ಣು ಕಾಣುವುದಿಲ್ಲ ಎಂದು ತಾವೇ ಹೇಳಿ, ಉಳಿದದ್ದನ್ನು ನೀವು ಹೇಳಿ ಎಂಬಂತೆ ನನ್ನ ಕಡೆ ಕೈ ಮಾಡಿದರು. ನಾನು ಹೇಳಿದೆ. ನೀನು ಮಾಂಸ ತಿನ್ನುವುದಿಲ್ಲವಾ ಎಂದು ಆತ ಕೇಳಿದ. ಇಲ್ಲ ಎಂದೆ. ಆಮೇಲೆ ಐದೂ ಬಾಣವನ್ನು ನನ್ನ ಮುಂದೆ ಸುರಿದು, ಮತ್ತೊಮ್ಮೆ ನೋಡು ಎಂದ. ನಾನು ಒಂದೊಂದನ್ನೇ ಎರಡೆರಡು ಸಲ ತಿರುಗಿಸಿದೆ. ಆತ ಐದನ್ನೂ ತಿರುಗಿ ಕಟ್ಟಿಕೊಂಡು ಹೋದ.

ಆವತ್ತಿನಿಂದ ಯಾರು ಬಂದರೂ ಅವರು ಮೊದಲು ಹೇಳುತ್ತಿದ್ದದ್ದು ಅದೇ: ಅಂಟು ನನ್ನದು, ನೋಡುವವರು ಈ ಬಾಯಾರು. ಕೆಲವರು ನಕ್ಕು ಹೈವೇ ಆಚೆಗೆ ಹೋದರು. ಕೆಲವರು ಉಳಿದರು. ನಾನು ಎರಡು ಚಳಿಗಾಲ ಆ ಮೇಜಿನ ಮುಂದೆ ನಿಂತೆ. ನನ್ನ ಬೆರಳು ಒಪ್ಪಿದ ಬಾಣದಿಂದ ಎಷ್ಟು ಜಿಂಕೆ ಸತ್ತವೋ ಗೊತ್ತಿಲ್ಲ. ಯಾವುದೂ ಎರಡು ದಿನ ಸಾಯಲಿಲ್ಲ ಎಂಬುದಷ್ಟೇ ಗೊತ್ತು. ಇದು ಪಾಪವೋ ಪುಣ್ಯವೋ ಎಂದು ನಮ್ಮ ಸ್ವಾಮಿಗಳೊಬ್ಬರನ್ನು ಕೇಳಿದ್ದೆ. ಅವರು ಅಮೆರಿಕದಲ್ಲಿ ಚಳಿ ಹೇಗಿರುತ್ತದೆ ಎಂದು ವಿಚಾರಿಸಿದರು.

ಮೂರನೆಯ ವರ್ಷ ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಅಂಗಡಿ ಮುಚ್ಚಿ, ರಾಬಿನ್ಸ್‌ವಿಲ್‌ನಲ್ಲಿದ್ದ ಅವರ ಮಗಳು ತನ್ನ ಮನೆಗೆ ಕರೆದೊಯ್ದಳು. ಒಂದು ಭಾನುವಾರ ಯಜಮಾನರೇ ನನ್ನನ್ನು ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಏನು ಮಾತಾಡಬೇಕು, ಏನು ಮಾತಾಡಬಾರದು ಎಂದು ನನಗೆ ಪಾಠ ಹೇಳಿದರು. ರೋಗದ ಸುದ್ದಿ ಎತ್ತಬೇಡ, ಮುಖ ನಗುನಗುತ್ತ ಇಟ್ಟುಕೋ.

ಹಾಸಿಗೆಯನ್ನು ಗೋಡೆಗೆ ಒತ್ತಿ ಹಾಕಿದ್ದರು, ಎರಡೂ ಬದಿಗೆ ಕಬ್ಬಿಣದ ಕಟಾಂಜನ. ಅವರ ಮಗಳು, ಅಳಿಯ, ಯಜಮಾನರು, ಎಲ್ಲರೂ ಅವರು ಎಷ್ಟು ಚೆನ್ನಾಗಿ ಕಾಣುತ್ತಿದ್ದಾರೆ ಎಂದು ಹೇಳಿದರು. ಅವರು ಎಲ್ಲರಿಗೂ ತಲೆಯಾಡಿಸಿದರು. ಆಮೇಲೆ ಹೊದಿಕೆಯ ಕೆಳಗಿನಿಂದ ಒಂದು ತೆಳು ಬಾಣ ತೆಗೆದರು. ಮಲಗಿದಲ್ಲೇ, ಬೆರಳಿನ ಅಂದಾಜಿನ ಮೇಲೆ ಟೋಪಿ ಅಂಟಿಸಿ, ಗಿಡ್ಡ ಅಲಗು ಕೂರಿಸಿದ್ದರಂತೆ. ಅದಕ್ಕೆ ಒಂದು ವಾರ ಹಿಡಿದಿತ್ತಂತೆ. ಎಷ್ಟು ಚಂದ ಮಾಡಿದ್ದಾರೆ ನೋಡಿ ಎಂದು ಮಗಳು ಕಣ್ಣು ಒರೆಸಿಕೊಂಡಳು.

ಅವರು ಬಾಣವನ್ನು ನನ್ನ ಕಡೆಗೆ ಚಾಚಿದರು. ಊಟದ ತಟ್ಟೆಯಿಡುವ ಪುಟ್ಟ ಮೇಜಿನ ಮೇಲೆ ತುದಿ ಊರಿ ತಿರುಗಿಸಿದೆ. ಮೊದಲ ಸುತ್ತಿಗೇ ಬೆರಳಿಗೆ ಗೊತ್ತಾಯಿತು. ಯಜಮಾನರು ಹಿಂದಿನಿಂದ ನನ್ನ ಸೆರಗು ಎಳೆದರು.

“ಹೆಂಗದ ಬಾಯಾರ?”

“ಸರಿ ಇಲ್ರೀ ಸರ್. ನಡಗ್ತದ.”

ಅವರ ಮುಖ ಅರಳಿತು. ಅಂಥ ನಗೆಯನ್ನು ನಾನು ಅಂಗಡಿಯಲ್ಲೂ ಕಂಡಿರಲಿಲ್ಲ. “ಭಾಳ ದಿನಾ ಆಗಿತ್ತು, ಯಾರರ ಖರೆ ಹೇಳಿ” ಅಂದರು. ಯಾವ ಕಡೆಗೆ ಎಂದು ಕೇಳಿದರು. ನಾನು ಅವರ ಬೆರಳು ಹಿಡಿದು ಟೋಪಿಯ ಸೊಟ್ಟ ಬದಿಗೆ ಮುಟ್ಟಿಸಿದೆ. ಅವರು ಮಗಳಿಗೆ ಅಂಟು ತರಲು ಹೇಳಿ, ಯಾರ ಸಹಾಯವನ್ನೂ ಬೇಡವೆಂದು, ಆ ಗೀರುಬಿದ್ದ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅದನ್ನು ತಿರುಗಿಸತೊಡಗಿದರು. ನಾವು ಹೊರಟಾಗಲೂ ತಿರುಗಿಸುತ್ತಲೇ ಇದ್ದರು.

ಒಂಬತ್ತನೆಯ ದಿನ ತೀರಿಹೋದರೆಂದು ಅವರ ಮಗಳು ಫೋನ್ ಮಾಡಿದಳು. ಬಾಣ ಸರಿಯಾಯಿತೇ ಎಂದು ಕೇಳಿದೆ. ತನಗೆ ನೋಡಲು ಬರುವುದಿಲ್ಲ, ನೀವೇ ಬಂದು ತಿರುಗಿಸಿ ಹೇಳಬೇಕು ಎಂದಳು.